ಮೂರನೇ ನೀರು ಬೀಳದ ವಿಸ್ಕಿ

ಬೆಳಗಿನ ಏಳು ಗಂಟೆ. ಕೀತ್ ಊರಿನ ಮಾಡುಗಳ ಮೇಲೆ ಇಬ್ಬನಿ ಇನ್ನೂ ಗಟ್ಟಿಯಾಗಿ ಕೂತಿದೆ. ಹೊಳೆದಂಡೆಯ ಹಳೆಯ ಕಲ್ಲುಕಟ್ಟಡದಲ್ಲಿ ಡಾಡ್ ರೆಟ್ಟಿ ಏಣಿ ಹತ್ತಿ, ಮರದ ದೊಡ್ಡ ತೊಟ್ಟಿಯ ಮುಚ್ಚಳ ಸರಿಸಿ ಒಳಗೆ ಬಗ್ಗಿ ನೋಡುತ್ತಿದ್ದಾರೆ. ಹತ್ತಾರು ಪೀಪಾಯಿಗಳಿಂದ ಬಂದ ವಿಸ್ಕಿ ಅದರಲ್ಲಿ ಒಂದಾಗಿದೆ. ಡಾಡ್ ಕೆಳಗಿಳಿದು ನೀರಿನ ಕೊಳಾಯಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ನೀರು ಸದ್ದಿಲ್ಲದೆ ತೊಟ್ಟಿಗಿಳಿಯುತ್ತದೆ.

ಇವರ ಕೆಲಸವೇ ಇದು, ವಿಸ್ಕಿಗೆ ನೀರು ಹಾಕುವುದು. ಹಾಲಿಗೆ ನೀರು ಹಾಕುವವರನ್ನು ನಾವು ಬೈಯುತ್ತೇವೆ. ಇಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಪೀಪಾಯಿಯಿಂದ ಬಂದ ವಿಸ್ಕಿ ಹಾಗೇ ಕುಡಿದರೆ ಗಂಟಲು ಸುಟ್ಟೀತು. ಅದಕ್ಕೆ ಮೂರು ಸಲ ನೀರು ಕೊಟ್ಟು, ನಡುನಡುವೆ ವಾರಗಟ್ಟಲೆ ಸುಮ್ಮನೆ ಬಿಟ್ಟು, ನೂರಕ್ಕೆ ನಲವತ್ತು ಪಾಲು ಮದ್ಯಸಾರದ ಹದಕ್ಕೆ ಇಳಿಸಬೇಕು. ಹೀಗೆ ಬಿಡುವುದಕ್ಕೆ ಈ ಕಸುಬಿನವರು ಮದುವೆ ಎನ್ನುತ್ತಾರೆ.

"ಒಂದೇ ಸಲ ಸುರಿದ್ರೆ ಎರಡೂ ಮುನಿಸ್ಕೊಂಡು ಕೂತ್ಕೋತವೆ," ಎನ್ನುತ್ತಾರೆ ಡಾಡ್, ಕೈಯೊರೆಸಿಕೊಳ್ಳುತ್ತಾ. "ಹೊಸ ಸೊಸೆನ ಮನೆಗೆ ಕರ್ಕೊಂಡು ಬಂದ ದಿನಾನೇ ಅಡುಗೆಮನೆ ಬೀಗದಕೈ ಕೊಡ್ತಾರೇನ್ರೀ? ನಿಧಾನ ಬೇಕು."

ಬಾಟಲಿಯ ಮೇಲೆ ಇವರ ಹೆಸರಿಲ್ಲ. ವಿಸ್ಕಿ ಬೆರೆಸುವ ಯಜಮಾನರ ಚಿತ್ರಗಳು ವಿಮಾನ ನಿಲ್ದಾಣದ ಗೋಡೆಗಳಲ್ಲಿ ನಗುತ್ತವೆ. ನೀರು ಹಾಕುವವರನ್ನು ಯಾರೂ ಕೇಳುವುದಿಲ್ಲ. ಡಾಡ್ ಇದಕ್ಕೆ ಬೇಸರಪಟ್ಟವರೂ ಅಲ್ಲ. ಎದುರುಮನೆಯಲ್ಲೇ ಇಷ್ಟು ವರ್ಷ ಕಳೆದ ನನಗೆ ಇವರ ಒಂದೇ ಬೇಸರ ಗೊತ್ತು, ಅದು ಹೆಂಡತಿ ಐನಾ ಕಳೆದುಕೊಂಡ ಮೂಗಿನದು.

ಐನಾ ಇದೇ ಕಾರ್ಖಾನೆಯ ಮಾದರಿ ಕೋಣೆಯಲ್ಲಿದ್ದರು. ಪ್ರತಿ ಪೀಪಾಯಿಯಿಂದ ತೆಗೆದ ಗುಟುಕನ್ನು ಮೂಸಿ, ಯಾವುದು ಹುಳಿಯಿತು, ಯಾವುದು ಇನ್ನೆರಡು ವರ್ಷ ಮಲಗಿರಲಿ ಎಂದು ಹೇಳುವುದು ಅವರ ಕೆಲಸ. ಮೂರು ವರ್ಷದ ಹಿಂದೆ, ಚಳಿ ಶುರುವಾಗುವ ಹೊತ್ತಿಗೆ, ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಅದರ ಜೊತೆಗೆ ವಾಸನೆ ಹಿಡಿಯುವ ಶಕ್ತಿಯೂ ಹೊರಟುಹೋಯಿತು.

"ಒಲೆ ಮೇಲೆ ಓಟ್ಸ್ ಗಂಜಿ ಸೀದು ಕಪ್ಪಾಗಿತ್ತು. ಇವಳು ಪಕ್ಕದಲ್ಲೇ ಕೂತ್ಕೊಂಡು ಸ್ವೆಟರ್ ಹೆಣೀತಿದ್ಳು," ಎನ್ನುತ್ತಾರೆ ಡಾಡ್. "ಹೊಗೆ ಕಣ್ಣಿಗೆ ಬಿದ್ದಾಗಲೇ ಗೊತ್ತಾಗಿದ್ದು. ಅವತ್ತು ಅವಳ ಮುಖ ನೋಡಕ್ಕಾಗಲಿಲ್ಲ ನಂಗೆ."

ಐನಾ ಕೆಲಸ ಬಿಟ್ಟರು. ಊಟ ಬಿಟ್ಟರು. ಮೀನಿನ ಸೂಪು ಮುಂದಿಟ್ಟರೆ, "ಒದ್ದೆ ರಟ್ಟು" ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಹೆಂಗಸು ಪರದೆ ಎಳೆದುಕೊಂಡು ಕೂತುಬಿಟ್ಟರು.

ಡಾಡ್ ಎಡವಿದ್ದು ಆ ಚಳಿಗಾಲದಲ್ಲೇ. ತೊಟ್ಟಿಗೆ ನೀರು ತರುವ ಕೊಳವೆ ಹೊರಗೋಡೆಯ ಮೇಲೆ ಹಾದುಹೋಗುತ್ತದೆ. ಹಿಮ ಬೀಳುವ ಮೊದಲೇ ಅದಕ್ಕೆ ಗೋಣಿ ಸುತ್ತಿ ಹುರಿ ಬಿಗಿಯುವುದು ಅವರ ವರ್ಷವರ್ಷದ ಕೆಲಸ. ಆ ಸಲ ಐನಾ ಅವರ ಹಾಸಿಗೆಯ ಬಳಿ ಕೂತವರಿಗೆ ಗೋಣಿಯ ನೆನಪೇ ಬರಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ನೀರು ಹೆಪ್ಪುಗಟ್ಟಿ ಕೊಳವೆ ಸೀಳಿಹೋಗಿತ್ತು. ತೊಟ್ಟಿಯಲ್ಲಿ ಎರಡು ನೀರು ಕಂಡ ವಿಸ್ಕಿ, ಮೂರನೆಯದಕ್ಕೆ ಗತಿಯಿಲ್ಲ. ರಿಪೇರಿಯವರು ಇವತ್ತು ನಾಳೆ ಎನ್ನುತ್ತಾ ತಿಂಗಳು ತಳ್ಳಿದರು. ನೂರಕ್ಕೆ ಐವತ್ತು ಪಾಲಿನ ಖಾರದಲ್ಲೇ ಅದು ಮಲಗಿತು.

ಮ್ಯಾನೇಜರ್ ಶೋನಾ ಲೈಂಗ್ ಡಾಡ್‌ಗೆ ಮಗಳ ವಯಸ್ಸಿನವರು. ಅವರು ಬಂದು ಒಂದು ಲೋಟ ಬಸಿದು, ನಾಲ್ಕು ಹನಿ ನೀರು ಚಿಮುಕಿಸಿ ಮೂಸಿದರಂತೆ. ಡಾಡ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಹುಡುಗೀ, ಮನೆಗೆ ಹೋಗು ಅಂತೀಯೋ ಹೆಂಗೆ? ಬೇಗ ಹೇಳಿಬಿಡು, ಅತ್ಲಾಗೆ."

"ಸುಮ್ನಿರು ಡಾಡ್. ಇದಕ್ಕೆ ಇನ್ನೊಂದು ತೊಟ್ಟು ನೀರು ಹಾಕಿದ್ರೆ ಮಾತ್ರ ನಿನ್ನ ಮನೆಗೆ ಕಳಿಸ್ತೀನಿ!"

ಹೀಗೆ ಹುಟ್ಟಿದ್ದು ಕಂದು ಚೀಟಿಯ ಬಾಟಲಿ. ಡಬ್ಬಿಯಿಲ್ಲ, ಜಾಹೀರಾತಿಲ್ಲ. ಎಲ್ಲರೂ ಕುಡಿಯುವ ಸಾದಾ ಮಿಶ್ರಣವೇ, ಬೆಲೆಯೂ ಅದಕ್ಕಿಂತ ಎರಡೇ ಪೌಂಡ್ ಜಾಸ್ತಿ. ಆದರೆ ನಾಲಿಗೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಹೆಸರುವಾಸಿ ಬಾಟಲಿಗಳಿಗೆ ದುಡ್ಡು ಸುರಿಯುತ್ತಿದ್ದವರೂ ಈಗ ಇದನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಅಂಚೆಯವನ ಮಾತಿನಲ್ಲೇ ಹೇಳುವುದಾದರೆ, "ನೀರು ನಮ್ಮನೆ ನಲ್ಲೀಲೂ ಬರತ್ತಪ್ಪ, ಅದನ್ಯಾಕೆ ಅಂಗಡೀಲಿ ಕೊಳ್ಳೋದು?" ಶೋನಾ ಮುಂದಿನ ವರ್ಷದಿಂದ ಬೇಕೆಂದೇ ಎರಡನೇ ನೀರಿಗೆ ನಿಲ್ಲಿಸತೊಡಗಿದರು.

ಮೊದಲ ಬಾಟಲಿಯನ್ನು ಡಾಡ್ ಕೊಂಡು ಮನೆಗೆ ತಂದರು. "ನನ್ನ ದಡ್ಡತನ ಹೆಂಗಿದೆ ನೋಡು ಅಂತ ತೋರ್ಸೋಣ ಅನ್ಕೊಂಡೆ. ಒಂಚೂರು ನಕ್ಕರೆ ಸಾಕಾಗಿತ್ತು."

ಐನಾ ನಗಲಿಲ್ಲ. ಹಳೆಯ ಅಭ್ಯಾಸ ಬಿಡಲಾರದೆ ಚಮಚದಿಂದ ಹನಿ ನೀರು ಬಿಟ್ಟು, ಲೋಟ ಮೂಗಿನ ಕೆಳಗೆ ತಂದರು. ಸಾದಾ ವಿಸ್ಕಿಯನ್ನು ಎಷ್ಟೋ ಸಲ ಹೀಗೇ ಹಿಡಿದು, ಏನೂ ಸಿಗದೆ ಕೆಳಗಿಟ್ಟಿದ್ದರು. ಈ ಸಲ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದರು.

"ಯಾರೋ ಅದು ಕಿತ್ತಳೆ ಸುಲೀತಿರೋದು?"

ಮನೆಯಲ್ಲಿ ಇದ್ದದ್ದು ಇಬ್ಬರೇ. ಕಿತ್ತಳೆ ಒಂದೂ ಇರಲಿಲ್ಲ.

"ಮತ್ತೆ ಮೂಸಿದ್ರೆ ಇಲ್ಲ, ಹೋಗ್ಬಿಟ್ಟಿತ್ತು," ಎನ್ನುತ್ತಾರೆ ಐನಾ. "ಇವನೋ, ಅಳ್ತಾ ಕೂತಿದ್ದ, ಹೆಣ್ಣೆಂಗಸಿನ ಥರ. ಮೂಗು ಹೋಗಿದ್ದು ನಂದು, ಸುರಿಸ್ತಿದ್ದಿದ್ದು ಇವನು!"

ಅಂದಿನಿಂದ ದಿನಾ ಸಂಜೆ ಚಹದ ಹೊತ್ತಿಗೆ ಐನಾ ಒಂದು ಬೊಟ್ಟಿನಷ್ಟು ಬಗ್ಗಿಸಿಕೊಂಡು ಮೂಸುತ್ತಾರೆ. ಕುಡಿಯುವುದಿಲ್ಲ. "ಅವಳು ಮೂಸಿ ಬಿಟ್ಟಿದ್ದನ್ನ ಚೆಲ್ಲಕ್ಕಾಗತ್ತಾ? ನನ್ನ ಕರ್ಮ, ಕುಡೀಬೇಕು," ಎಂದು ಡಾಡ್ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಕೆಲವು ದಿನ ಕಿತ್ತಳೆ ಬರುತ್ತದೆ. ಒಮ್ಮೊಮ್ಮೆ ಹೊಗೆ. ಎಷ್ಟೋ ದಿನ ಏನೂ ಇಲ್ಲ. ಡಾಕ್ಟರು ನರ ತಾನಾಗಿಯೇ ಚಿಗುರಿದರೆ ಚಿಗುರಬಹುದು, ಬಾಟಲಿಗೆ ಕೀರ್ತಿ ಕೊಡಬೇಡಿ ಎಂದಿದ್ದಾರೆ. ಡಾಡ್ ಡಾಕ್ಟರಿಗೆ ಹೂಂ ಅಂದು ಮನೆಗೆ ಬಂದು ಬಾಟಲಿಯ ಮುಚ್ಚಳ ತೆಗೆಯುತ್ತಾರೆ.

ಕೀತ್‌ನ ಈ ಎಲೆಮರೆಯ ಕಾಯಿ ಬರುವ ಬೇಸಿಗೆಗೆ ನಿವೃತ್ತರಾಗುತ್ತಾರೆ. ಕಂದು ಚೀಟಿಯ ಮೂಲೆಯಲ್ಲಿ ಅವರ ಹೆಸರು ಅಚ್ಚು ಹಾಕಿಸುವ ಆಸೆ ಶೋನಾಗೆ. ನಿಮಗೇನು ಬೇಕು ಎಂದು ಕೇಳಿದೆ. ಡಾಡ್ ಕೊಳಾಯಿಯನ್ನು ಬಿಗಿಯಾಗಿ ನಿಲ್ಲಿಸಿ, ತಮ್ಮ ಅಂಗಿಯ ತೋಳನ್ನೊಮ್ಮೆ ಮೂಸಿಕೊಂಡರು.

"ಹೆಸರು ಕಟ್ಕೊಂಡು ಏನ್ ಮಾಡ್ಲಿ? ಮೊದಲೆಲ್ಲ ನಾನು ಮನೆಗೆ ಹೋದ್ರೆ ಬಾಗಿಲಲ್ಲೇ ತಡೆದು ನಿಲ್ಸೋಳು. 'ಥೂ, ಪೀಪಾಯಿ ನಾತ, ಅಂಗಿ ಹೊರಗೇ ಬಿಚ್ಚಿಟ್ಟು ಬಾ' ಅಂತ ಬಯ್ಯೋಳು. ಈಗ ಸುಮ್ನೆ ಒಳಗೆ ಬಿಟ್ಕೋತಾಳೆ. ಕೆಲಸ ಬಿಡೋ ಮುಂಚೆ, ಈ ಅಂಗಿ ಮೈಮೇಲಿರೋವಾಗ್ಲೇ, ಒಂದೇ ಒಂದ್ಸಲ ಹಂಗೆ ಬಯ್ಸ್ಕೋಬೇಕು ಕಣ್ರೀ."