ಗುನ್‌ವೋರಳ ಇಲಿಪಾಷಾಣ

ಬೆಳಗ್ಗೆ ತಲೆ ಬಾಚಲು ತೋಳೆತ್ತಿದರೆ ಸಾಕು, ಗುನ್‌ವೋರಳಿಗೆ ಜೀವ ಬಾಯಿಗೆ ಬರುತ್ತಿತ್ತು. ನಾರ್ವೆಯ ಆ ಬಂಡೆದ್ವೀಪದಲ್ಲಿ ಜನ್ಮವಿಡೀ ಮೀನು ಸೀಳಿದ ತೋಳು ಅವು! ಈಗ ಜಡೆಯನ್ನೂ ನಾದಿನಿ ಓಸ್ಲೌಗೇ ಹೆಣೆಯಬೇಕು, ಅದೂ ಕುಟುಕುತ್ತ. ಇದಕ್ಕಿಂತ ಅವಮಾನ ಬೇಕೆ?

ಆಚೆ ದಡಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರ್ ರಾಂಡಿ, ತೋಳುನೋವಿಗೆ ಸ್ಟಿರಾಯ್ಡ್ ಗುಳಿಗೆ ಕೊಡುವ ಮುನ್ನ ಕೇಳಿದಳು: "ಬೇರೆ ಏನಾದ್ರೂ ಔಷಧಿ ತಗೋತೀರಾ?"

"ಔಷಧಿನಾ? ನಾನಾ? ಮೀನೆಣ್ಣೆ ಬಿಟ್ರೆ ಏನೂ ಇಲ್ಲಮ್ಮ."

ಸುಳ್ಳಾಡುವ ಹೆಂಗಸಲ್ಲ ಅವಳು, ದೇವರಾಣೆ. ಎದೆಯೊಳಗೆ ಲೋಹದ ಕವಾಟ ಕೂರಿಸಿದಂದಿನಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಲೇ ಇದ್ದಳು. ಆದರೆ ದ್ವೀಪದಲ್ಲಿ ಅದನ್ನು ಔಷಧಿ ಎಂದವರುಂಟೆ? ಇಲಿ ಕೊಲ್ಲಲು ಬಳಸುತ್ತಿದ್ದ ಸರಕು, ಹಾಗಾಗಿ ಎಲ್ಲರ ಬಾಯಲ್ಲೂ ಇಲಿಪಾಷಾಣ. ದಿನಾ ಕಾಫಿಯ ಜೊತೆ ಪಾಷಾಣ ನುಂಗುವವಳಿಗೆ ಅದೂ ಔಷಧಿಯೆಂದು ಹೊಳೆಯಲೇ ಇಲ್ಲ.

ವಾರದೊಳಗೆ ತೋಳು ಮೇಲೆದ್ದವು. ತಾನೇ ಜಡೆ ಹೆಣೆದು, ಚೂರಿ ಮಸೆದು, ಮೀನುಕಟ್ಟೆಗೆ ಹೊರಟಳು. ಅಲ್ಲಿ ಬೆರಳು ಕೊಂಚ ಗೀರಿತು ನೋಡಿ, ರಕ್ತ ನಿಲ್ಲಲೊಲ್ಲದು. ಸಂಜೆಗೆ ಮೂಗಿನಲ್ಲೂ ಇಳಿಯಿತು. ಓಸ್ಲೌಗ್ ಬೈಯುತ್ತಲೇ ಅವಳನ್ನು ಆಚೆ ದಡಕ್ಕೆ ಕರೆದೊಯ್ದಳು.

"ಇಲಿಪಾಷಾಣ ತಿನ್ನೋಳ ಹಣೆಬರಹ ಇನ್ನೇನು ಡಾಕ್ಟ್ರೇ!" ಎಂದಳು ಓಸ್ಲೌಗ್.

"ಯಾವ ಪಾಷಾಣ?" ರಾಂಡಿ ಹೌಹಾರಿದಳು. ಗುನ್‌ವೋರ್ ಜೇಬಿನಿಂದ ಡಬ್ಬಿ ತೆಗೆದು ತೋರಿಸಿದಳು.

"ಅಯ್ಯೋ ದೇವರೇ! ಎರಡೂ ಸೇರಿದ್ರೆ ರಕ್ತ ಹೆಪ್ಪುಗಟ್ಟೋದೇ ಇಲ್ಲ. ಹೊಟ್ಟೆಯೊಳಗೆ ಒಸರಿದ್ರೆ ಕಥೆ ಮುಗೀತು. ತೋಳಿನ ಗುಳಿಗೆನ ನಿಧಾನಕ್ಕೆ ಬಿಡಿಸ್ತೀನಿ."

"ಪಾಷಾಣನೇ ಬಿಟ್ರೆ?"

"ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಸಾಯ್ತೀರಿ."

"ಗುಳಿಗೆ ಬಿಟ್ರೆ ಬದುಕಿದ್ದೂ ಸತ್ತ ಹಾಗೆ. ನಂಗೆ ಎರಡೂ ಬೇಕು. ದಾರಿ ಹೇಳು."

ರಾಂಡಿ ಡಬ್ಬಿಯನ್ನು ತಿರುಗಿಸಿ ಓದಿದಳು. "ಪಾಷಾಣ ಕಮ್ಮಿ ಮಾಡೋಣ. ಹೊಟ್ಟೆ ಕಾಯೋಕೆ ಇನ್ನೊಂದು ಮಾತ್ರೆ ಕೊಡ್ತೀನಿ. ಆದ್ರೆ ವಾರವಾರ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು. ತಪ್ಪಿದ್ರೆ ತೋಳಿನ ಗುಳಿಗೆ ಕೇಳ್ಬೇಡಿ."

"ತಪ್ಪಿದ್ರೆ ನನ್ನ ಹೆಸರು ಬದಲಾಯ್ಸು."

ನವೆಂಬರಿನಲ್ಲಿ ಒಂದು ವಾರ ಗಾಳಿ ಎದ್ದು ಆಚೆ ದಡಕ್ಕೆ ಹೋಗುವ ಫೆರ್ರಿ ನಿಂತಿತು. ಗುನ್‌ವೋರ್ ನೇರ ದೋಣಿಯ ಬಳಿಗೆ ನಡೆದಳು.

"ತಲೆ ಕೆಟ್ಟಿದ್ಯಾ ನಿಂಗೆ?" ಓಸ್ಲೌಗ್ ಕಿರುಚಿದಳು.

"ಕೆಟ್ಟಿದೆ. ಹಗ್ಗ ಬಿಚ್ಚು."

ತೊಟತೊಟ ನೀರಿಳಿಸುತ್ತ ಬಾಗಿಲಲ್ಲಿ ನಿಂತವಳನ್ನು ಕಂಡು ರಾಂಡಿ ಕುರ್ಚಿಯಿಂದ ಎದ್ದಳು.

"ಫೆರ್ರಿ ಇಲ್ವಲ್ಲ! ಯಾರು ಕರ್ಕೊಂಡು ಬಂದ್ರು?"

ಗುನ್‌ವೋರ್ ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟಳು.

"ಈ ತೋಳೇ. ಬೇಗ ಚುಚ್ಚು, ವಾಪಸ್ಸೂ ಹುಟ್ಟು ಹಾಕ್ಬೇಕು."