ಅಮ್ಮನ ನಡುಬೆರಳಿಗೆ ತಾಮ್ರ-ಬೆಳ್ಳಿಯ ಹುರಿ

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಉಂಗುರ ಬರ್ತಿಲ್ಲ ಅಂದಳು. ಅದು ನಾನು ಮಾಡಿದ ಉಂಗುರ. ಆ ಬೆಳಿಗ್ಗೆಯಷ್ಟೇ ಅವಳ ಬಲಗೈಯ ನಡುಬೆರಳಿಗೆ ತೊಡಿಸಿದ್ದೆ.

ಪದವಿ ಮುಗಿಸಿ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ, ಕೈಯಿಂದ ಏನಾದರೂ ಮಾಡಬೇಕೆಂಬ ಹುಚ್ಚು ಹತ್ತಿತ್ತು. ರಜೆ ದಿನಗಳಲ್ಲಿ ಶಿಡ್ಲಘಟ್ಟದ ಬೆಳ್ಳಿ ಕೆಲಸದ ಆಚಾರಿಯೊಬ್ಬರ ಹತ್ತಿರ ಕಲಿಯಲು ಹೋಗುತ್ತಿದ್ದೆ. ವಿನ್ಯಾಸ ಮಾತ್ರ ನನ್ನದೇ. ಮೇಲೂರಿನ ನಮ್ಮ ಮನೆಯ ಹಿಂದೆ ಅಮ್ಮ ಚರಕದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಾಳೆ. ಹೂವು, ಹರಳು ಇಟ್ಟರೆ ಎಳೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೆಳ್ಳಿ ತಂತಿಯನ್ನೂ ತಾಮ್ರದ ತಂತಿಯನ್ನೂ ಹುರಿಯಂತೆ ಹೊಸೆದು, ತಟ್ಟಿ ಚಪ್ಪಟೆ ಮಾಡಿ, ನುಣ್ಣಗೆ ಅರ ಹಾಕುವುದೆಂದುಕೊಂಡೆ.

ಮೊದಲ ಸಲ ತುದಿಗಳನ್ನು ಬೆಸೆಯುವಾಗ ಬೆಳ್ಳಿ ಕರಗಿ ಉಂಡೆಯಾಯಿತು. "ಉಂಗುರ ಬೇಡ ಬಿಡಮ್ಮ, ಗೆಜ್ಜೆಗೆ ಕಾಳು ಮಾಡು, ಚೆನ್ನಾಗಿ ಬರುತ್ತೆ" ಅಂದರು ಆಚಾರಿ. ಎರಡನೇ ಸಲ ಬಿಳಿಗಾರ ಹಚ್ಚಿ, ಉರಿಯನ್ನು ದೂರ ಹಿಡಿದೆ. ಬೆಸುಗೆ ನೀರಿನಂತೆ ಸಂದಿಗೆ ಹರಿಯಿತು. ಹುಣಸೆ ನೀರಿನಲ್ಲಿ ಉಜ್ಜಿದಾಗ ಕೆಂಪು, ಬಿಳಿ ಪಟ್ಟೆಗಳು ಎದ್ದು ಬಂದವು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ತೋರಿಸಿದೆ.

ಅಳತೆಯನ್ನು ಭಾನುವಾರ ಬೆಳಿಗ್ಗೆ, ಅಮ್ಮ ಕಾಫಿ ಕುಡಿಯುವಾಗ ದಾರ ಸುತ್ತಿ ತೆಗೆದಿದ್ದೆ. ಗೂಡು ಬೇಯಿಸುವ ಬಿಸಿನೀರಿನಲ್ಲಿ ಆಡಿದ ಬೆರಳು ಸಂಜೆಗೆ ಊದುತ್ತದೆ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವಳು ಅದುವರೆಗೆ ಉಂಗುರವನ್ನೇ ತೊಟ್ಟವಳಲ್ಲ.

ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಎಳೆದಷ್ಟೂ ಬೆರಳು ಇನ್ನಷ್ಟು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕತ್ತರಿಸಿಕೊಡಬಹುದಾಗಿದ್ದ ಆಚಾರಿ ಮದುವೆಗೆಂದು ಗೌರಿಬಿದನೂರಿನಲ್ಲಿದ್ದರು. ಆಸ್ಪತ್ರೆಗೆ ಹೋಗೋಣವೆಂದು ನಾನು ಸ್ಕೂಟರ್ ಕೀಲಿ ಹುಡುಕುವಷ್ಟರಲ್ಲಿ ನನಗೆ ಚಿಕ್ಕಮ್ಮನಂತಿರುವ ಪಕ್ಕದ ಮನೆಯ ಖಾಲಾ ಬಂದರು. ಅವರದೂ ಚರಕದ ಕೆಲಸವೇ.

"ಗಾಡಿ ಆಮೇಲೆ ಬೇಟಿ. ಮೊದಲು ಅಮ್ಮನ ಕೈ ಹಿಡ್ಕೋ."

ರೇಷ್ಮೆ ಹುರಿಯ ತುದಿಯನ್ನು ಹೇರ್‌ಪಿನ್‌ನಿಂದ ಉಂಗುರದ ಅಡಿಗೆ ತೂರಿಸಿ, ಉಳಿದದ್ದನ್ನು ಊತ ತಗ್ಗುವಂತೆ ಗೆಣ್ಣು ದಾಟುವವರೆಗೆ ಒತ್ತಾಗಿ ಸುತ್ತಿದರು.

"ಬಿಗಿಯಾಗೇ ಸುತ್ತು ಆಪಾ" ಅಂದಳು ಅಮ್ಮ ಖಾಲಾಗೆ. "ಬೆರಳು ಹೋದ್ರೆ ಇವಳ ಮದುವೇಲಿ ಒಂದು ಲಾಡು ಕಮ್ಮಿ ಹಿಡೀತೀನಿ, ಅಷ್ಟೇ."

ಖಾಲಾ ಅಡಿಯ ತುದಿಯಿಂದ ದಾರ ಬಿಚ್ಚುತ್ತಾ ಹೋದಂತೆ ಉಂಗುರ ಮೇಲೆ ಸರಿಯಿತು. ಗೆಣ್ಣಿನ ಹತ್ತಿರ ನಿಂತೇ ಬಿಟ್ಟಿತು. ಅಲ್ಲಿ ಅಮ್ಮನ ತಮಾಷೆಯೂ ನಿಂತಿತು. ಅವಳ ಮುಖ ಬಿಳಿಚಿಕೊಂಡ ಆ ಕ್ಷಣ ಈಗಲೂ ಕಣ್ಣೆದುರು ಬರುತ್ತದೆ. ಖಾಲಾ ಇನ್ನೊಂದು ಸುತ್ತು ಬಿಚ್ಚಿದರು; ಉಂಗುರ ಕಳಚಿ ಚರಕದ ಕೆಳಗೆ ಉರುಳಿತು.

ಆದರೆ ಬೆರಳ ತುದಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಸರಿಹೋಗಬಹುದು, ಕಾಯಬೇಕು ಎಂದರು ವೈದ್ಯರು. ಗೂಡಿನ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗಬೇಕು. ಆ ತುದಿ ಹೋದರೆ ಅಮ್ಮನ ಕೆಲಸವೇ ಹೋದಂತೆ. ಅವಳ ಜಾಗದಲ್ಲಿ ಖಾಲಾ ಕೂತರು. ನಾನು ರಾತ್ರಿಯೆಲ್ಲ ಬೆಚ್ಚಿ ಏಳುತ್ತಿದ್ದೆ.

"ಬೆರಳೇ ಮಲ್ಕೊಂಡಿದೆ, ನೀನ್ಯಾಕೆ ಎದ್ದು ಕೂತಿದ್ದೀಯೇ?" ಎಂದು ಅಮ್ಮ ರೇಗಿಸುವಳು. ಆಮೇಲೆ ಅವಳೇ, ಇನ್ನೊಂದು ಮಾಡಿಕೊಡು, ಈ ಸಲ ಸಂಜೆ ಅಳತೆ ತಗೋ ಎಂದಳು. ಸಡಿಲಿಸಲು ಬರುವಂತೆ ಎರಡು ತುದಿಗಳನ್ನೂ ಬೆಸೆಯದೆ ಬಿಟ್ಟು ಹೊಸದನ್ನು ಮಾಡಿದೆ. ಆಚಾರಿ ಅದನ್ನು ನೋಡಿ, ಈಗ ಉಂಗುರ ನಿನಗಿಂತ ಜಾಣ ಎಂದರು.

ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದಳು. ಕಣ್ಣು ಮುಚ್ಚಿ, ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಅದೇ ಬೆರಳಾಡಿಸಿ ಕೈಯೆತ್ತಿದಳು. ಬೆಳಕಿಗೆ ಹಿಡಿದಾಗಲೇ ನನಗೆ ಎಳೆ ಕಂಡದ್ದು.

"ಸಿಕ್ತು ಕಣೇ" ಎಂದು ಅದನ್ನು ಚರಕಕ್ಕೆ ಕೊಟ್ಟಳು.

ಅವತ್ತು ರಾತ್ರಿ ಊಟ ಮಾಡಿ ಮಲಗಿದ ನನಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು.