ಆದಿಲಕ್ಷ್ಮಮ್ಮನ ಎರಡು ಬೆರಳು

ಶಿಡ್ಲಘಟ್ಟದಲ್ಲಿ ಆದಿಲಕ್ಷ್ಮಮ್ಮನ ಬಲಗೈ ನೋಡದವರು ಯಾರೂ ಇಲ್ಲ. ಯಾರಾದರೂ ಉಳಿದಿದ್ದರೆ ಆಕೆಯೇ ದಾರಿಗಡ್ಡ ನಿಂತು ತೋರಿಸುತ್ತಾಳೆ. ರೇಷ್ಮೆ ನೂಲು ತೆಗೆಯುವ ಯಂತ್ರದ ಬೆಲ್ಟು ನುಂಗಿದ ಎರಡು ಬೆರಳುಗಳ ಜಾಗದಲ್ಲಿ ಈಗ ಚಿಕ್ಕಬಳ್ಳಾಪುರದ ಭಾನುಪ್ರಕಾಶ ಅಳತೆ ತೆಗೆದು, ತ್ರೀಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಅಚ್ಚು ಹಾಕಿಕೊಟ್ಟ ಪ್ಲಾಸ್ಟಿಕ್ ಬೆರಳುಗಳಿವೆ. ಬಸ್ಸಿನಲ್ಲಿ ಕಂಬಿ ಹಿಡಿಯುವುದು ಅವುಗಳಿಂದಲೇ, ಜಗಳದಲ್ಲಿ ಎದುರಿನವರ ಮೂಗಿನತ್ತ ಚಾಚುವುದೂ ಅವನ್ನೇ. ಆಯುಧಪೂಜೆಯ ದಿನ ಅವನ್ನು ಬಿಚ್ಚಿ ಯಂತ್ರದ ಪಕ್ಕದಲ್ಲಿಟ್ಟು ಕುಂಕುಮ ಇಡುತ್ತಾಳೆ. ಬಿಸಿನೀರು ಮಾತ್ರ ತಾಕಿಸಬಾರದೆಂದು ಭಾನುಪ್ರಕಾಶ ಹೇಳಿದ್ದ. ರೇಷ್ಮೆಗೂಡು ಬೇಯುವ ಬಾಣಲೆಗೆ ಕೈ ಅದ್ದಿ ಎಳೆಯ ತುದಿ ಹುಡುಕುತ್ತಲೇ ಮೂವತ್ತು ವರ್ಷ ಕಳೆದವಳು ಕೇಳಿಯಾಳೆ? ಮೂರು ಜೊತೆ ಬೆರಳು ಮೆತ್ತಗಾಗಿ ಬಾಗಿಹೋದವು. ಪ್ರತಿಸಲ ಆತ ರೇಗುತ್ತಿದ್ದ, ಆಕೆ "ನೀರಿಗಿಳೀದಿರೋ ಬೆರಳು ನಂಗ್ಯಾತಕ್ಕಪ್ಪ, ಮದುವೇಲಿ ತೋರ್ಸಕ್ಕಾ?" ಎನ್ನುತ್ತಿದ್ದಳು. ಕೊನೆಗೆ ಅವನೇ ಸೋತು, ಕುದಿಯುವ ನೀರಿಗೂ ಜಗ್ಗದ ಬೇರೆ ಪ್ಲಾಸ್ಟಿಕ್ಕಿನಲ್ಲಿ ನಾಲ್ಕನೆಯ ಜೊತೆ ಮಾಡಿಕೊಟ್ಟ. ಅವು ಬಾಗಲಿಲ್ಲ. ಆದರೆ ಕೆಲಸದ ನಡುವೆ ಗಳಿಗೆಗೊಮ್ಮೆ ಆಕೆ ಆ ಬೆರಳನ್ನು ಬಾಣಲೆಯಿಂದ ತೆಗೆದು ಕೆನ್ನೆಗೆ ಒತ್ತಿಕೊಂಡು ನೀರಿನ ಬಿಸಿ ನೋಡುವುದನ್ನು ನೆರೆಮನೆಯವನಾದ ನಾನು ಕಂಡಿದ್ದೇನೆ. ಕೆನ್ನೆಯ ಮೇಲೆ ಕೆಂಪು ಕಲೆಯೂ ಆಗಿದೆ. ಹೋದ ವಾರ ನನ್ನನ್ನೂ ಕರೆದುಕೊಂಡು ಹೋಗಿ ಮತ್ತೆ ಅವನ ಮುಂದೆ ಕೂತಳು. "ಏನಮ್ಮಾ, ಇದೂ ಸೊಟ್ಟ ಆಯ್ತಾ?" ಎಂದ ಭಾನುಪ್ರಕಾಶ. "ಇಲ್ಲಪ್ಪ, ಬಲು ಗಟ್ಟಿ," ಎಂದು ಆಕೆ ಬೆರಳು ಸವರಿಕೊಂಡಳು. "ಬಿಸಿನೀರಿಗಿಟ್ರೆ ನಂಗೆ ಒಂಚೂರು ಸುಡೋ ಹಂಗೆ ಮಾಡಕ್ಕಾಗಲ್ವಾ?"